ಪೊ ನದಿಯ ನೀರು, ಜಿನೋವಾದ ಹಾಡು

ಇಟಲಿಯ ಸಂಗೀತದಲ್ಲಿ ಒಂದೇ ಒಂದು ಆಲ್ಬಮ್ ಕೇಳುವಷ್ಟು ಪುರುಸೊತ್ತಿದೆ, ಯಾವುದು ಹೇಳಿ ಎಂದವರಿಗೆ ನಾನು ಹಿಂದೆಮುಂದೆ ನೋಡದೆ ‘ಕ್ರೋಜಾ ದೆ ಮಾ’ ಎನ್ನುತ್ತೇನೆ. ಫಾಬ್ರಿಜಿಯೊ ದೆ ಆಂಡ್ರೆ 1984ರಲ್ಲಿ ಹೊರತಂದದ್ದು. ಇರುವುದು ಏಳೇ ಹಾಡು, ಏಳೂ ಅವರ ಹುಟ್ಟೂರು ಜಿನೋವಾದ ಆಡುನುಡಿಯಲ್ಲಿ. ಜಿನೋವಾದ ಮಾತು ಇಟಲಿಯವರಿಗೇ ಸರಿಯಾಗಿ ತಿಳಿಯುವುದಿಲ್ಲ. ರೋಮಿನವರಾಗಲಿ, ಪಲೆರ್ಮೊದವರಾಗಲಿ ಪಕ್ಕದಲ್ಲಿ ಅನುವಾದ ಇಟ್ಟುಕೊಂಡೇ ಈ ಹಾಡುಗಳನ್ನು ಕೇಳಬೇಕು. ಹಾಗಿದ್ದೂ ನಲವತ್ತು ವರ್ಷಗಳಿಂದ ಇಡೀ ದೇಶ ಅದನ್ನು ತನ್ನದೆಂದು ಕೇಳುತ್ತ ಬಂದಿದೆ.

ಮೊದಲ ಹಾಡು ಶುರುವಾಗುವುದು ಬಾಲ್ಕನ್ ಸೀಮೆಯ ಕುರುಬರು ನುಡಿಸುವ ಚರ್ಮದ ಚೀಲದ ಊದುವಾದ್ಯದಿಂದ. ಒಂಟಿ ದನಿ, ತಾಳವಿಲ್ಲ. ಅದು ಆರುತ್ತಿದ್ದಂತೆ ತಂತಿವಾದ್ಯಗಳು ಬಂದು ಸೇರಿಕೊಳ್ಳುತ್ತವೆ, ಆಮೇಲೆ ದೆ ಆಂಡ್ರೆಯವರ ಆ ತಗ್ಗಿನ, ಅವಸರವಿಲ್ಲದ ಕಂಠ. ಆಲ್ಬಮ್‌ನ ಹೆಸರಿನಲ್ಲಿರುವ ‘ಕ್ರೋಜಾ’ ಎಂದರೆ ಎರಡೂ ಬದಿ ಗೋಡೆ ಕಟ್ಟಿದ, ಗುಡ್ಡದಿಂದ ಕಡಲಿನತ್ತ ಇಳಿಯುವ ಓಣಿ. ಕಡಲಿನಿಂದ ಬಂದ ನಾವಿಕರು ರಾತ್ರಿ ಊಟಕ್ಕೆ ಕೂರುತ್ತಾರೆ. ಏನೇನು ತಿನ್ನುತ್ತಾರೆ ಎಂಬ ಪಟ್ಟಿಗೇ ಹಾಡಿನಲ್ಲಿ ಧಾರಾಳ ಜಾಗವಿದೆ: ಕರಿದ ಮೀನು, ಬಿಳಿ ವೈನು, ಕುರಿಮರಿಯ ಮಿದುಳು, ಕೊನೆಗೆ ಹೆಂಚಿನ ಮೇಲೆ ಓಡಾಡುವ ಮೊಲ, ಅಂದರೆ ಬೆಕ್ಕು. ಹಾಡು ಮುಗಿಯುವ ಹೊತ್ತಿಗೆ ವಾದ್ಯಗಳು ಹಿಂದೆ ಸರಿದು, ಜಿನೋವಾದ ಮೀನು ಮಾರುಕಟ್ಟೆಯಲ್ಲೇ ಮುದ್ರಿಸಿಕೊಂಡ ವ್ಯಾಪಾರದ ಕೂಗಾಟ ಕಿವಿಗೆ ಬೀಳುತ್ತದೆ.

ಇಷ್ಟೊಂದು ಜಿನೋವಾದ್ದೇ ಆದ ಈ ಆಲ್ಬಮ್‌ಗೆ ಸಂಗೀತ ಕಟ್ಟಿದ ಮೌರೊ ಪಗಾನಿ ಜಿನೋವಾದವರಲ್ಲ. ಲೊಂಬಾರ್ಡಿಯ ಬ್ರೆಶಾ ಬಳಿಯ ಕ್ಯಾರಿ ಎಂಬ ಊರಿನವರು. ಅಲ್ಲಿ ಸಮುದ್ರವೇ ಇಲ್ಲ. ಅವರು ಆರಿಸಿಕೊಂಡ ವಾದ್ಯಗಳು ಅರಬ್ಬರ ಊದ್, ತುರ್ಕಿಯ ಸಾಜ್, ಗ್ರೀಸಿನ ಬುಜುಕಿ. ಒಂದು ಹಾಡಿನಲ್ಲಿ ಕಡಲಯುದ್ಧದಲ್ಲಿ ಸೆರೆಸಿಕ್ಕ ಜಿನೋವಾದ ಹುಡುಗನೊಬ್ಬ ಆಟೊಮನ್ ಸಾಮ್ರಾಜ್ಯದ ವಜೀರನ ಮಟ್ಟಕ್ಕೆ ಏರುತ್ತಾನೆ. ಇದು ಚರಿತ್ರೆಯಲ್ಲಿ ನಡೆದ ಕತೆ. ಇನ್ನೊಂದರಲ್ಲಿ, ಲೆಬನಾನಿನ ಸಿಡಾನ್ ಪಟ್ಟಣದಲ್ಲಿ ಯುದ್ಧಕ್ಕೆ ಬಲಿಯಾದ ಮಗುವಿಗಾಗಿ ತಂದೆಯೊಬ್ಬ ಅಳುತ್ತಾನೆ. ಅಳುವುದು ಜಿನೋವಾದ ನುಡಿಯಲ್ಲೇ. ಇಸ್ರೇಲಿನ ಟ್ಯಾಂಕುಗಳು ಲೆಬನಾನಿಗೆ ನುಗ್ಗಿ ಆಗಿನ್ನೂ ಎರಡು ವರ್ಷ. ತನ್ನ ಊರಿನ ಮಾತು ಅಷ್ಟು ದೂರದ ಸಂಕಟವನ್ನೂ ಹೊರಬಲ್ಲದು ಎಂದು ದೆ ಆಂಡ್ರೆ ನಂಬಿದ್ದರು. ಪ್ರಾಂತ್ಯ ಎಂದರೇನು ಎಂಬುದಕ್ಕೆ ಇಟಲಿಯಲ್ಲಿ ನನಗೆ ಸಿಕ್ಕಿದ ಅತ್ಯುತ್ತಮ ಉತ್ತರ ಇದೇ.

ಇದಕ್ಕೆ ತೀರ ಬೇರೆಯಾದ ಉತ್ತರವೊಂದು ಅದೇ 1984ರಲ್ಲಿ ರಾಜಕೀಯದಿಂದ ಬಂತು. ಉಂಬೆರ್ತೊ ಬೊಸ್ಸಿ ಮತ್ತವರ ಗೆಳೆಯರು ಲೊಂಬಾರ್ಡಿಯ ಸ್ವಾಯತ್ತೆಗಾಗಿ ಪಕ್ಷ ಕಟ್ಟಿದರು. ಅದು ಬೆಳೆದು ಉತ್ತರ ಇಟಲಿಗೆಲ್ಲ ಹರಡಿ ‘ಲೇಗಾ ನೊರ್ದ್’ ಆಯಿತು. ದುಡಿಯುವುದು ನಾವು, ತೆರಿಗೆ ತಿನ್ನುವುದು ರೋಮ್, ರೋಮ್ ಅದನ್ನು ದಕ್ಷಿಣಕ್ಕೆ ಸುರಿಯುತ್ತದೆ ಎಂಬುದು ಅವರ ವಾದದ ತಿರುಳು. 1996ರ ಸೆಪ್ಟೆಂಬರಿನಲ್ಲಿ ಬೊಸ್ಸಿ ಮೊನ್ವಿಜೊ ಪರ್ವತದ ಬುಡಕ್ಕೆ ಹೋಗಿ, ಪೊ ನದಿ ಹುಟ್ಟುವಲ್ಲಿ ಗಾಜಿನ ಸೀಸೆಗೆ ನೀರು ತುಂಬಿಕೊಂಡರು. ಆ ನೀರನ್ನು ನದಿಯ ಉದ್ದಕ್ಕೂ ಮೆರವಣಿಗೆಯಲ್ಲಿ ತಂದು ವೆನಿಸ್‌ನಲ್ಲಿ ಕಡಲಿಗೆ ಸುರಿದು, ‘ಪದಾನಿಯಾ’ ಎಂಬ ಸ್ವತಂತ್ರ ದೇಶವನ್ನು ಘೋಷಿಸಿದರು. ಆ ಹೆಸರಿನ ದೇಶ ಚರಿತ್ರೆಯಲ್ಲಿ ಎಂದೂ ಇರಲಿಲ್ಲ.

ತೆರಿಗೆಯ ದೂರನ್ನು ನಾನು ಹಗುರವಾಗಿ ಕಾಣುವುದಿಲ್ಲ. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರವೇ ‘ನಮ್ಮ ತೆರಿಗೆ, ನಮ್ಮ ಹಕ್ಕು’ ಎಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದನ್ನು ಕಂಡವರು ನಾವು. ಕೊಟ್ಟಿದ್ದೆಷ್ಟು, ಬಂದದ್ದೆಷ್ಟು ಎಂದು ಲೆಕ್ಕ ಕೇಳುವ ಹಕ್ಕು ವೆನೆತೊಗೂ ಇದೆ, ಲೊಂಬಾರ್ಡಿಗೂ ಇದೆ. ಲೇಗಾದ ಬಗ್ಗೆ ನನ್ನ ತಕರಾರು ಇರುವುದು ಬೇರೆ ಕಡೆ. ಲೆಕ್ಕ ಕೇಳುವುದರ ಜೊತೆಗೆ ದಕ್ಷಿಣದವರನ್ನು ಹೀಗಳೆಯುವುದೂ ಅವರ ಸಭೆಗಳಲ್ಲಿ ವಾಡಿಕೆಯಾಯಿತು. 2009ರಲ್ಲಿ ಪೊಂತಿದದ ಪಕ್ಷದ ಜಾತ್ರೆಯಲ್ಲಿ, ನೇಪಲ್ಸಿನವರು ನಾರುತ್ತಾರೆ ಎಂಬ ಫುಟ್ಬಾಲ್ ಅಭಿಮಾನಿಗಳ ಕೂಗನ್ನು ಮುಂದೆ ಪಕ್ಷದ ನಾಯಕರಾದ ಮತ್ತೆಯೊ ಸಾಲ್ವಿನಿ ಬಿಯರ್ ಲೋಟ ಹಿಡಿದು ಹಾಡುವ ವಿಡಿಯೊ ಇದೆ. 2018ರ ಚುನಾವಣೆಗೆ ಅದೇ ಸಾಲ್ವಿನಿ ಪಕ್ಷದ ಹೆಸರಿನಿಂದ ‘ನೊರ್ದ್’ (ಉತ್ತರ) ತೆಗೆದುಹಾಕಿ ದಕ್ಷಿಣಕ್ಕೆ ಮತ ಕೇಳಲು ಹೋದರು. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಉತ್ತರದ ದನಿ ನಾವೇ ಎಂದ ಈ ಪಕ್ಷ ಉತ್ತರದ ನುಡಿಗಳಿಗೆ ಏನು ಮಾಡಿತು? 1997ರಿಂದ 2014ರವರೆಗೆ ನಡೆದ ಅವರ ದಿನಪತ್ರಿಕೆ ‘ಲಾ ಪದಾನಿಯಾ’ ಇಟಾಲಿಯನ್ನಿನಲ್ಲೇ ಬರುತ್ತಿತ್ತು.

ಸಿನಿಮಾದಲ್ಲಂತೂ ಪಕ್ಷದ ಈ ಸಾಂಸ್ಕೃತಿಕ ಬಡತನ ಕಣ್ಣಿಗೆ ರಾಚುತ್ತದೆ. 2009ರಲ್ಲಿ ರೆಂಜೊ ಮಾರ್ತಿನೆಲ್ಲಿ ‘ಬಾರ್ಬರೊಸ್ಸಾ’ ಎಂಬ ಭಾರಿ ಚಿತ್ರ ಮಾಡಿದರು. 1176ರಲ್ಲಿ ಲೆನ್ಯಾನೊದಲ್ಲಿ ಲೊಂಬಾರ್ಡಿಯ ಊರುಗಳು ಒಂದಾಗಿ ಜರ್ಮನ್ ಚಕ್ರವರ್ತಿಯನ್ನು ಸೋಲಿಸಿದ ಕತೆ. ಆ ಕತೆಯ ವೀರ ಆಲ್ಬೆರ್ತೊ ದ ಜುಸ್ಸಾನೊ, ಕತ್ತಿ ಎತ್ತಿ ನಿಂತ ಭಂಗಿಯಲ್ಲಿ, ಲೇಗಾದ ಚಿಹ್ನೆಯೇ ಆಗಿದ್ದಾನೆ. ಚಿತ್ರಕ್ಕೆ ಪಕ್ಷದ ತುಂಬು ಬೆಂಬಲವಿತ್ತು, ಬೊಸ್ಸಿ ಸ್ವತಃ ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡರು. ಚಿತ್ರೀಕರಣವಾದದ್ದು ರುಮೇನಿಯಾದಲ್ಲಿ, ನಾಯಕ ಇಸ್ರೇಲಿ, ಚಕ್ರವರ್ತಿಯ ಪಾತ್ರಕ್ಕೆ ಡಚ್ ನಟ. ನಟರು ಎಲ್ಲಿಯವರಾದರೇನು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಗಂಟೆಗೂ ಮಿಕ್ಕಿ ಓಡುವ ಆ ಚಿತ್ರದಲ್ಲಿ ಲೊಂಬಾರ್ಡಿಯ ಮಣ್ಣಿನ ವಾಸನೆ ಒಂದು ಕ್ಷಣವೂ ಬರುವುದಿಲ್ಲ. ಜನ ನೋಡಲಿಲ್ಲ.

ಲೊಂಬಾರ್ಡಿಯನ್ನು ನೋಡಬೇಕೆಂದರೆ ಎರ್ಮಾನ್ನೊ ಓಲ್ಮಿಯವರ 1978ರ ಚಿತ್ರಕ್ಕೆ ಹೋಗಬೇಕು: ‘ಮರದ ಪಾದುಕೆಗಳ ಮರ’. ಆ ವರ್ಷ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಬಂತು. ಓಲ್ಮಿ ಬೆರ್ಗಮೊದವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಸೀಮೆಯ ಒಂದೇ ತೊಟ್ಟಿಮನೆಯಲ್ಲಿ ವಾಸವಿದ್ದ ಗೇಣಿ ರೈತ ಕುಟುಂಬಗಳ ಬದುಕು ಚಿತ್ರದ ವಸ್ತು. ಬೆಳೆದದ್ದರಲ್ಲಿ ಮೂರರಲ್ಲಿ ಎರಡು ಪಾಲು ಜಮೀನ್ದಾರನಿಗೆ. ನಟಿಸಿದವರೆಲ್ಲ ಬೆರ್ಗಮೊ ಸುತ್ತಿನ ರೈತರು, ಹಳ್ಳಿಗರು. ಆಡುವುದು ಬೆರ್ಗಮೊದ ಮಾತು. ಅದು ಬೇರೆ ಕಡೆ ಅರ್ಥವಾಗದು ಎಂದು, ಅದೇ ಜನರಿಂದ ಅವರದೇ ದನಿಯಲ್ಲಿ ಇಟಾಲಿಯನ್ ಡಬ್ಬಿಂಗ್ ಮಾಡಿಸಿದರು. ನೋಡುವುದಾದರೆ ದಯವಿಟ್ಟು ಬೆರ್ಗಮೊ ನುಡಿಯ ಪ್ರತಿಯನ್ನೇ ಹುಡುಕಿ ನೋಡಿ.

ಅದರಲ್ಲಿ ಒಬ್ಬ ಅಜ್ಜ ಇದ್ದಾನೆ, ಆನ್ಸೆಲ್ಮೊ. ಊರಿನಲ್ಲಿ ಎಲ್ಲರಿಗಿಂತ ಮೊದಲು ಟೊಮೆಟೊ ಹಣ್ಣು ಮಾಡಿ ಪೇಟೆಗೆ ಒಯ್ಯಬೇಕೆಂಬುದು ಅವನ ಆಸೆ. ಇನ್ನೂ ಚಳಿ ಇರುವಾಗಲೇ ಮೊಮ್ಮಗಳನ್ನು ಕರೆದುಕೊಂಡು, ಯಾರಿಗೂ ಹೇಳಬೇಡವೆಂದು ಎಚ್ಚರಿಸಿ, ಮಣ್ಣಿಗೆ ಕೋಳಿ ಗೊಬ್ಬರ ಬೆರೆಸುತ್ತಾನೆ. ಕೋಳಿ ಗೊಬ್ಬರ ಸಗಣಿಗಿಂತ ನೆಲವನ್ನು ಬೆಚ್ಚಗಿಡುತ್ತದೆ ಎಂಬುದು ಅವನ ಗುಟ್ಟು. ಆ ಟೊಮೆಟೊ ಹಣ್ಣಾಗುವವರೆಗೂ ಓಲ್ಮಿ ಕಾಯುತ್ತಾರೆ, ನಮ್ಮನ್ನೂ ಕಾಯಿಸುತ್ತಾರೆ. ಇನ್ನೊಂದು ಮನೆಯ ಬತಿಸ್ತಿಯ ಮಗ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುತ್ತಾನೆ. ಒಂದು ದಿನ ಅವನ ಮರದ ಪಾದುಕೆ ಸೀಳಿಹೋಗುತ್ತದೆ. ಅಪ್ಪ ಕತ್ತಲಾದ ಮೇಲೆ ಕಾಲುವೆ ದಂಡೆಯ ಮರವೊಂದನ್ನು ಕಡಿದು, ತುಂಡನ್ನು ಬಟ್ಟೆಯೊಳಗೆ ಮುಚ್ಚಿ ಮನೆಗೆ ತಂದು, ರಾತ್ರಿ ಕೂತು ಹೊಸ ಪಾದುಕೆ ಕೆತ್ತುತ್ತಾನೆ. ಮರ ಜಮೀನ್ದಾರನದು. ವಿಷಯ ತಿಳಿದ ಮೇಲೆ ಆ ಸಂಸಾರವನ್ನು ತೊಟ್ಟಿಮನೆಯಿಂದ ಹೊರಹಾಕುತ್ತಾರೆ. ನೆರೆಯವರು ಕಿಟಕಿಯ ಹಿಂದೆ ನಿಂತು ನೋಡುತ್ತಾರೆ, ಹೊರಗೆ ಬರುವ ಧೈರ್ಯ ಯಾರಿಗೂ ಇಲ್ಲ. ಉತ್ತರದ ದುಡಿಮೆಯನ್ನು ರೋಮ್ ತಿನ್ನುತ್ತದೆ ಎನ್ನುವವರಿಗೆ ಈ ಚಿತ್ರ ಮರೆಯದಂತೆ ನೆನಪಿಸುವುದು, ಆ ದುಡಿಮೆಯನ್ನು ಮೊದಲು ತಿಂದವರು ಪಕ್ಕದಲ್ಲೇ ಇದ್ದ ಲೊಂಬಾರ್ಡಿಯ ಧಣಿಗಳು ಎಂಬುದನ್ನು.

ಲೊಂಬಾರ್ಡಿಯ ನುಡಿಗೆ ಹಾಡಿನಲ್ಲೂ ಒಬ್ಬ ಒಳ್ಳೆಯ ಒಡೆಯನಿದ್ದಾನೆ, ದಾವಿದೆ ವಾನ್ ದೆ ಸ್ಫ್ರೋಸ್. ಹೆಸರು ಡಚ್ಚರ ಹಾಗೆ ಕೇಳಿದರೂ ಅವರು ಕೋಮೊ ಸರೋವರದ ದಂಡೆಯವರು. ಗಡಿ ದಾಟಿ ಸ್ವಿಟ್ಜರ್ಲೆಂಡಿನಿಂದ ಮಾಲು ತರುತ್ತಿದ್ದ ಕಳ್ಳಸಾಗಣೆಯವರ ಮಾತಿನಿಂದ ಕಟ್ಟಿಕೊಂಡ ಹೆಸರದು. 2011ರಲ್ಲಿ ಸರೋವರದ ಸೀಮೆಯ ನುಡಿಯಲ್ಲೇ ಹಾಡಿ ಸಾನ್‌ರೆಮೊ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. ಅವರ ಹಾಡಿನ ತುಂಬ ಗಾಳಿ, ದೋಣಿ, ಕುಡುಕರು, ಕಳ್ಳದಾರಿ. ದೆ ಆಂಡ್ರೆಯ ಎತ್ತರ ಅವರಿಗಿಲ್ಲ, ಆದರೆ ಕತೆ ಹೇಳುವ ಹುರುಪು ಬೇಕಾದಷ್ಟಿದೆ.

ಗಾಯಕರು ಗಡಿಯನ್ನು ಎಷ್ಟು ಸಲೀಸಾಗಿ ದಾಟುತ್ತಾರೆ ನೋಡಿ. ದೊಮೆನಿಕೊ ಮೊದುನ್ಯೊ ಪುಲ್ಯಾ ಪ್ರಾಂತ್ಯದವರು. ಮೊದಮೊದಲು ಸಿಸಿಲಿಯ ನುಡಿಯಲ್ಲಿ ಹಾಡಿದ್ದರಿಂದ ಜನ ಅವರನ್ನು ಸಿಸಿಲಿಯವರೆಂದೇ ತಿಳಿದಿದ್ದರು. 1958ರಲ್ಲಿ ಸಾನ್‌ರೆಮೊ ಗೆದ್ದು ಲೋಕಪ್ರಸಿದ್ಧರಾದದ್ದು ಆಮೇಲೆ. ಪವರೊಟ್ಟಿಯ ಕಂಠದಲ್ಲಿ ನಮ್ಮಲ್ಲೂ ಅನೇಕರು ಕೇಳಿರುವ ‘ಕರೂಸೊ’ ಹಾಡನ್ನು 1986ರಲ್ಲಿ ಬರೆದ ಲೂಚೊ ದಾಲ್ಲ ಬೊಲೋನ್ಯದವರು. ದೋಣಿ ಕೆಟ್ಟು ಸೊರೆಂತೊದಲ್ಲಿ ಉಳಿಯಬೇಕಾಗಿ ಬಂದಾಗ, ಗಾಯಕ ಕರೂಸೊ ಕೊನೆಗಾಲದಲ್ಲಿ ತಂಗಿದ್ದ ಹೋಟೆಲಿನಲ್ಲಿ ಕೂತು ಬರೆದದ್ದು. ಪಲ್ಲವಿಗೆ ಬಂದಾಗ ಅವರು ಕೈಚಾಚಿದ್ದು ನೇಪಲ್ಸಿನ ಮಾತಿಗೆ. ಅಷ್ಟು ತೀವ್ರವಾದ ಪ್ರೀತಿಯನ್ನು ಹೇಳಲು ಉತ್ತರದ ಆ ಮನುಷ್ಯನಿಗೆ ದಕ್ಷಿಣದ ನುಡಿಯೇ ಬೇಕಾಯಿತು.

ನೇಪಲ್ಸಿನ ಮಾತು ಬಂದರೆ ಮಾಸ್ಸಿಮೊ ತ್ರೊಯಿಸಿ ಇಲ್ಲದೆ ಮುಂದೆ ಹೋಗಲಾಗದು. ಹೊರಗಿನ ಜಗತ್ತು ಅವರನ್ನು ‘ಇಲ್ ಪೊಸ್ತಿನೊ’ ಚಿತ್ರದ ಟಪಾಲಿನವನಾಗಿ ಬಲ್ಲದು. ಅದರ ಚಿತ್ರೀಕರಣ ಮುಗಿದ ಕೂಡಲೇ, 1994ರ ಜೂನಿನಲ್ಲಿ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ನನಗೆ ಅದಕ್ಕಿಂತ ಇಷ್ಟ ಅವರ ಮೊದಲ ಚಿತ್ರ, 1981ರ ‘ರಿಕೊಮಿಂಚೊ ದ ತ್ರೆ’. ಗಯೆತಾನೊ ಎಂಬ ನೇಪಲ್ಸಿನ ಯುವಕ ಊರು ಬಿಟ್ಟು ಫ್ಲಾರೆನ್ಸಿಗೆ ಹೊರಡುತ್ತಾನೆ. ಅವನಿಗೆ ಬೇಕಿರುವುದು ನಾಲ್ಕು ಊರು, ನಾಲ್ಕು ಮುಖ ನೋಡುವುದು. ಎದುರಾದವರೆಲ್ಲ, ನೇಪಲ್ಸಿನವನೇ? ಹಾಗಾದರೆ ಕೆಲಸ ಹುಡುಕಿ ವಲಸೆ ಬಂದವನು, ಎಂದುಕೊಳ್ಳುತ್ತಾರೆ. ನೇಪಲ್ಸಿನವನು ಸುಮ್ಮನೆ ಪ್ರವಾಸಕ್ಕೂ ಹೋಗಬಹುದು ಎಂದು ಮೊದಮೊದಲು ತಿದ್ದಿ ತಿದ್ದಿ ಹೇಳುತ್ತಾನೆ, ಕೊನೆಗೆ ಸಾಕಾಗಿ ಹೂಂ ಎಂದುಬಿಡುತ್ತಾನೆ. ಉತ್ತರ ದಕ್ಷಿಣಗಳ ನಡುವಿನ ಇಡೀ ಜಗಳ ಈ ಒಂದು ನಗೆಯೊಳಗಿದೆ. ಚಿತ್ರಕ್ಕೆ ಸಂಗೀತ ಕೊಟ್ಟ ಪೀನೊ ದಾನಿಯೆಲೆ, ನೇಪಲ್ಸಿನ ಮಾತಿಗೆ ಬ್ಲೂಸ್ ಬೆರೆಸಿ ಹಾಡಿದವರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೇಪಲ್ಸಿನ ಪ್ಲೆಬಿಶಿತೊ ಚೌಕದಲ್ಲಿ ಅವರು ಕೊಟ್ಟ ಕಛೇರಿ ಊರಿನ ನೆನಪಿನಲ್ಲಿ ಇನ್ನೂ ಹಸಿರಾಗಿದೆ.

ಆ ಜಗಳ ಮುಗಿದಿಲ್ಲ. 2024ರ ಸಾನ್‌ರೆಮೊದಲ್ಲಿ ನೇಪಲ್ಸಿನ ಸೆಕೊಂದಿಲ್ಯಾನೊ ಬಡಾವಣೆಯ ಜೊಲಿಯೆ ಎಂಬ ರ‍್ಯಾಪ್ ಹಾಡುಗಾರ ತನ್ನ ನುಡಿಯಲ್ಲೇ ಹಾಡಿದರು. ಹಳೆಯ ಹಾಡುಗಳ ಸ್ಪರ್ಧೆಯ ರಾತ್ರಿ ಅವರೇ ಗೆದ್ದಾಗ ಆರಿಸ್ತೊನ್ ರಂಗಮಂದಿರದ ಪ್ರೇಕ್ಷಕರಲ್ಲಿ ಹಲವರು ಕೂಗಿ ಅಣಕಿಸಿದರು, ಕೆಲವರು ಎದ್ದು ಹೋದರು. ಅಂತಿಮ ದಿನ ಟಿವಿ ನೋಡುವವರ ಮತದಲ್ಲಿ ಸುಮಾರು ಶೇ 60 ಅವರಿಗೇ ಬಿದ್ದರೂ, ಪತ್ರಕರ್ತರ ಮತ್ತು ರೇಡಿಯೊ ತೀರ್ಪುಗಾರರ ಮತ ಸೇರಿ ಎರಡನೆಯ ಸ್ಥಾನಕ್ಕೆ ಇಳಿದರು. ಹಾಡಿನ ಕಾಗುಣಿತ ತಪ್ಪೆಂದು ನೇಪಲ್ಸಿನ ಸಾಹಿತಿಗಳೂ ಸಿಟ್ಟಾಗಿದ್ದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಅಷ್ಟು ದೊಡ್ಡ ಸಾಹಿತ್ಯವಿರುವ ನುಡಿಯನ್ನು ಬರೆಯುವಾಗ ಎಚ್ಚರ ಇರಲೇಬೇಕು. ಆದರೆ ಇಪ್ಪತ್ತಮೂರರ ಹುಡುಗ ತನ್ನ ಬಡಾವಣೆಯ ಮಾತನ್ನು ಇಟಾಲಿಯನ್ನಿಗೆ ತಿರುಗಿಸದೆ ಇಡೀ ದೇಶದ ಮುಂದೆ ಇಟ್ಟದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅದೇ ವರ್ಷದ ಜೂನ್ 19ರಂದು, ರಾತ್ರಿಯಿಡೀ ನಡೆದ ಕಲಾಪದ ಬಳಿಕ, ರೋಮಿನ ಸಂಸತ್ತು ಪ್ರಾಂತ್ಯಗಳ ಸ್ವಾಯತ್ತೆಯ ಕಾನೂನನ್ನು ಅಂಗೀಕರಿಸಿತು. ಮುಂದಿಟ್ಟವರು ಲೇಗಾದ ಮಂತ್ರಿ ರೊಬೆರ್ತೊ ಕಾಲ್ದೆರೊಲಿ. ಅವರೂ ಓಲ್ಮಿಯವರಂತೆ ಬೆರ್ಗಮೊದವರೇ. ಶಾಲೆ, ಆಸ್ಪತ್ರೆಗಳಲ್ಲಿ ಕಲಾಬ್ರಿಯಾದ ಮಗುವಿಗೂ ಲೊಂಬಾರ್ಡಿಯ ಮಗುವಿಗೂ ಕನಿಷ್ಠ ಏನು ಸಿಗಬೇಕು, ಅದಕ್ಕೆ ದುಡ್ಡು ಎಲ್ಲಿಂದ ಎಂಬುದನ್ನು ಇತ್ಯರ್ಥ ಮಾಡದೆ ತಂದ ಕಾನೂನದು ಎಂಬುದು ನನ್ನ ಅಭಿಪ್ರಾಯ. ಕಂಪಾನಿಯಾ, ಪುಲ್ಯಾ, ಸಾರ್ಡಿನಿಯಾ, ತೊಸ್ಕಾನಾ ಪ್ರಾಂತ್ಯಗಳು ಅದರ ವಿರುದ್ಧ ಹೋದವು; ನವೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ಅದರ ಹಲವು ಭಾಗಗಳನ್ನು ತಳ್ಳಿಹಾಕಿತು. ಸಂಸತ್ತು ಮತ ಹಾಕಿದ ಎರಡು ದಿನಕ್ಕೆ, ಜೂನ್ 21ರಿಂದ 23ರವರೆಗೆ, ಜೊಲಿಯೆ ನೇಪಲ್ಸಿನ ಮರಡೋನಾ ಕ್ರೀಡಾಂಗಣದಲ್ಲಿ ಮೂರು ರಾತ್ರಿ ಹಾಡಿದರು. ಮೂರು ರಾತ್ರಿಯೂ ಕ್ರೀಡಾಂಗಣ ತುಂಬಿತ್ತು.