ಫಾರ್ಮುಲಾ ಒನ್ ಮತ್ತು ಹನ್ನೊಂದನೆಯ ತಂಡ

ಫಾರ್ಮುಲಾ ಒನ್ ಕಾರು ಪಂದ್ಯಾವಳಿಗೆ ಹೊಸ ತಂಡ ಸೇರಬೇಕಾದರೆ ನಿಯಮಗಳನ್ನು ರೂಪಿಸುವ ಎಫ್‌ಐಎ ಒಕ್ಕೂಟ ಮತ್ತು ವಾಣಿಜ್ಯ ಹಕ್ಕುಗಳನ್ನು ಹೊಂದಿರುವ ಫಾರ್ಮುಲಾ ಒನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಎರಡೂ ಒಪ್ಪಬೇಕು. ಅಮೆರಿಕದ ಆಂಡ್ರೆಟ್ಟಿ ತಂಡದ ಅರ್ಜಿಯನ್ನು ಒಕ್ಕೂಟವು 2023ರ ಅಕ್ಟೋಬರಿನಲ್ಲಿ ಅಂಗೀಕರಿಸಿತಾದರೂ, ವಾಣಿಜ್ಯ ಸಂಸ್ಥೆಯು 2024ರ ಜನವರಿಯಲ್ಲಿ, ಆ ತಂಡ ಪೈಪೋಟಿ ನೀಡಲಾರದೆಂದೂ ಪಂದ್ಯಾವಳಿಯ ಮೌಲ್ಯವನ್ನು ಹೆಚ್ಚಿಸಲಾರದೆಂದೂ ತಿರಸ್ಕರಿಸಿತು. ಆಮೇಲೆ ಅಮೆರಿಕದ ನ್ಯಾಯ ಇಲಾಖೆ ಈ ನಿರಾಕರಣೆಯ ತನಿಖೆಗೆ ತೊಡಗಿತು, ತಂಡದ ಮುಖ್ಯಸ್ಥ ಮೈಕಲ್ ಆಂಡ್ರೆಟ್ಟಿ ಹಿಂದೆ ಸರಿದರು, ಅದೇ ವರ್ಷದ ನವೆಂಬರಿನಲ್ಲಿ ಅದೇ ಯೋಜನೆಯು ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ಹೆಸರಿನಲ್ಲಿ ತಾತ್ವಿಕ ಒಪ್ಪಿಗೆ ಪಡೆಯಿತು. ಹತ್ತು ತಿಂಗಳಲ್ಲಿ ಬದಲಾದದ್ದು ಅರ್ಹತೆಯೋ, ಅರ್ಜಿದಾರನ ಹೆಸರೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನಿರಾಕರಣೆಯನ್ನು ಸಮರ್ಥಿಸುವವರು 2010ರ ಅನುಭವವನ್ನು ಮುಂದಿಡುತ್ತಾರೆ. ಆ ವರ್ಷ ಸೇರಿದ ಲೋಟಸ್, ವರ್ಜಿನ್ ಹಾಗೂ ಭಾರತದ ಕರುಣ್ ಚಂಧೋಕ್ ಕಾರು ಓಡಿಸಿದ ಹಿಸ್ಪಾನಿಯಾ ತಂಡಗಳು ಮೊದಲ ಮೂರು ವರ್ಷಗಳಲ್ಲಿ ಒಂದು ಅಂಕವನ್ನೂ ಗಳಿಸಲಿಲ್ಲ. 2017ರ ಪಂದ್ಯಗಳು ಆರಂಭವಾಗುವ ಹೊತ್ತಿಗೆ ಮೂರೂ ಅಳಿದುಹೋಗಿದ್ದವು. ಆದರೆ ಈ ತಂಡಗಳು ಬಂದದ್ದು ವಾರ್ಷಿಕ ವೆಚ್ಚಕ್ಕೆ 4 ಕೋಟಿ ಪೌಂಡುಗಳ ಮಿತಿ ಜಾರಿಯಾಗುತ್ತದೆಂಬ ನಿರೀಕ್ಷೆಯಿಂದ ಎಂಬುದನ್ನೂ, ಪ್ರತ್ಯೇಕ ಪಂದ್ಯಾವಳಿ ನಡೆಸುವುದಾಗಿ ಹಳೆಯ ತಂಡಗಳು ಬೆದರಿಸಿದ್ದರಿಂದ ಆ ಮಿತಿಯನ್ನು ಕೈಬಿಡಲಾಯಿತೆಂಬುದನ್ನೂ ಈ ವಾದ ಮರೆಮಾಚುತ್ತದೆ. ವೆಚ್ಚದ ಮಿತಿ ಕೊನೆಗೂ ಬಂದದ್ದು 2021ರಲ್ಲಿ.

ಆಕ್ಷೇಪದ ನಿಜವಾದ ಬೇರು ಹಣದಲ್ಲಿದೆ. ಬಹುಮಾನದ ಮೊತ್ತ ಹತ್ತರ ಬದಲು ಹನ್ನೊಂದು ಪಾಲಾದರೆ ಪ್ರತಿ ತಂಡದ ಪಾಲೂ ಕುಗ್ಗುತ್ತದೆ. ಈ ನಷ್ಟವನ್ನು ತುಂಬಿಕೊಡಲು ಹೊಸಬರು ಹಳಬರಿಗೆ 20 ಕೋಟಿ ಡಾಲರ್ ತೆರಬೇಕೆಂಬ ಷರತ್ತು ತಂಡಗಳೊಂದಿಗಿನ 2021ರ ವಾಣಿಜ್ಯ ಒಪ್ಪಂದದಲ್ಲಿಯೇ ಇತ್ತು. ಹೂಡಿಕೆಯ ರಕ್ಷಣೆ ಅನ್ಯಾಯವಲ್ಲ. ಆದರೆ ಹೊಸ ಸ್ಥಾನ ಸಿಗದೆಡೆ ಇರುವ ಸ್ಥಾನವೇ ಮಾರಾಟದ ಸರಕಾಗುತ್ತದೆ: ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕೂಡ 2007ರಲ್ಲಿ ಸ್ಪೈಕರ್ ತಂಡವನ್ನು ಕೊಂಡೇ ಫೋರ್ಸ್ ಇಂಡಿಯಾವನ್ನು ಕಟ್ಟಿದರು, ಮತ್ತು ಅದೇ ಸ್ಥಾನ ಇಂದು ಆಸ್ಟನ್ ಮಾರ್ಟಿನ್ ಹೆಸರಿನಲ್ಲಿದೆ.

ಆಂಡ್ರೆಟ್ಟಿಗೆ ಎಂಜಿನನ್ನು ಕಡ್ಡಾಯವಾಗಿ ಬೇರೊಬ್ಬರಿಂದ ಕೊಡಿಸಬೇಕಾಗಿ ಬಂದರೆ ಪಂದ್ಯಾವಳಿಯ ಪ್ರತಿಷ್ಠೆಗೆ ಕುಂದೆಂದು ಹೇಳಿದ್ದ ವ್ಯವಸ್ಥೆಯೇ, ಫೆರಾರಿ ಎಂಜಿನ್ನಿನೊಂದಿಗೆ ಬರುವ ಕ್ಯಾಡಿಲಾಕ್‌ಗೆ 2026ರ ಪ್ರವೇಶ ನೀಡಿದೆ. ತಾಂತ್ರಿಕ ಸಾಮರ್ಥ್ಯ ಮತ್ತು ಹಣಕಾಸಿನ ಭದ್ರತೆಯನ್ನು ಒಕ್ಕೂಟವು ಕಟ್ಟುನಿಟ್ಟಾಗಿ ಪರಿಶೀಲಿಸಲಿ. ಅದರಲ್ಲಿ ತೇರ್ಗಡೆಯಾದ ತಂಡವನ್ನು ‘ಮೌಲ್ಯ’ವೆಂಬ ಅಳತೆಗೆ ಸಿಗದ ಕಾರಣದಿಂದ ತಡೆಯುವ ಅಧಿಕಾರ ವಾಣಿಜ್ಯ ಸಂಸ್ಥೆಗೆ ಇರಕೂಡದು.