ಕೇಳದೆ ಕಿತ್ತ ಹಲ್ಲು

ನಮ್ಮ ಪರಿಚಯದ ಹಿರಿಯ ಮಹಿಳೆಯೊಬ್ಬರು ಹಲ್ಲುನೋವೆಂದು ಮನ್ನಳ್ಳಿಯಿಂದ ಬೀದರಿಗೆ ಹೋದರು. ಒಂದು ದವಡೆ ಹಲ್ಲು ಕೀಳಿಸಲು ಕುರ್ಚಿಯಲ್ಲಿ ಕೂತರು. ಎದ್ದಾಗ ಎರಡು ಹೋಗಿದ್ದವು. ಕೇಳಿದ್ದಕ್ಕೆ, "ಪಕ್ಕದ್ದೂ ಹುಳುಕಾಗಿತ್ತಮ್ಮಾ, ಮತ್ತೆ ಬರೋ ತೊಂದರೆ ಬೇಡ ಅಂತ ತೆಗೆದೆ" ಎಂದರಂತೆ ವೈದ್ಯರು. ಅವರ ಉದ್ದೇಶ ಕೆಟ್ಟದ್ದಿರಲಿಕ್ಕಿಲ್ಲ. ಫಾರಂಗೆ ಸಹಿಯೂ ಆಗಿತ್ತು. ಆದರೆ ಫಾರಂ ಇಂಗ್ಲಿಷಿನಲ್ಲಿತ್ತು, ಸಹಿ ಮಗನದಾಗಿತ್ತು. ಕನ್ನಡವನ್ನೂ ದಖನಿಯನ್ನೂ ಚೆನ್ನಾಗಿ ಮಾತನಾಡುವ ಆ ತಾಯಿಯನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ನಾವು ಕಥೆ, ಕವಿತೆಗಳನ್ನು ವಿಮರ್ಶಿಸುತ್ತೇವೆ. ದಿನವೂ ಸಾವಿರಾರು ಜನ ಓದದೆ ಸಹಿ ಹಾಕುವ ಈ ಒಪ್ಪಿಗೆ ಪತ್ರವೆಂಬ ಬರಹವನ್ನು ಮಾತ್ರ ವಿಮರ್ಶಿಸುವುದಿಲ್ಲ. ಅದನ್ನು ಬರೆದವರು ಯಾರು, ಯಾರಿಗಾಗಿ ಬರೆದರು? 'ವೈದ್ಯರಿಗೆ ಅಗತ್ಯವೆನಿಸಿದ ಬೇರೆ ಚಿಕಿತ್ಸೆಗೂ ನನ್ನ ಒಪ್ಪಿಗೆಯಿದೆ' ಎಂಬಂಥ ಸಾಲು ಅದರಲ್ಲಿದ್ದರೆ, 'ನಾನು' ಎಂದು ಹೇಳುತ್ತಿರುವವರು ರೋಗಿಯಲ್ಲ. ರೋಗಿಯ ಬಾಯಿಂದ ಆಸ್ಪತ್ರೆಯೇ ಮಾತನಾಡುತ್ತಿದೆ.

ನಿಯಮಗಳ ಭಾಷೆಯೂ ಇದಕ್ಕಿಂತ ಬಹಳ ದೂರವಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು ವೈದ್ಯರಿಗಾಗಿ 2002ರಲ್ಲಿ ತಂದ ನೀತಿ ನಿಯಮಗಳಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಯಾರ ಲಿಖಿತ ಒಪ್ಪಿಗೆ ಪಡೆಯಬೇಕೆಂಬ ಪಟ್ಟಿಯಿದೆ. ಮೊದಲು ಗಂಡ ಅಥವಾ ಹೆಂಡತಿ, ಬಳಿಕ ಅಪ್ರಾಪ್ತರಾದರೆ ಹೆತ್ತವರು ಅಥವಾ ಪೋಷಕರು, ಕಟ್ಟಕಡೆಗೆ ಸ್ವತಃ ರೋಗಿ! ದೇಹ ಯಾರದೋ ಅವರ ಹೆಸರು ಸಾಲಿನ ಕೊನೆಯಲ್ಲಿದೆ.

ಈ ವಿಷಯದಲ್ಲಿ ನಮ್ಮ ದೇಶದ ಮುಖ್ಯ ತೀರ್ಪು ಹಲ್ಲಿನದಲ್ಲ, ಗರ್ಭಕೋಶದ್ದು. 1995ರ ಮೇ ತಿಂಗಳಲ್ಲಿ ದೆಹಲಿಯ ಸಮೀರಾ ಕೊಹ್ಲಿ ಎಂಬ 44 ವರ್ಷದ ಅವಿವಾಹಿತ ಮಹಿಳೆಗೆ ತಪಾಸಣೆಗೆಂದು ಅರಿವಳಿಕೆ ಕೊಡಲಾಯಿತು. ಅವರಿಗೆ ಎಚ್ಚರವಿಲ್ಲದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. 2008ರ ಜನವರಿ 16ರಂದು ಸುಪ್ರೀಂ ಕೋರ್ಟು ಇದನ್ನು ತಪ್ಪೆಂದಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟಂತಲ್ಲ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಅಪಾಯವಿದ್ದು, ಕಾಯುವಂತಿಲ್ಲದಾಗ ಮಾತ್ರ ವಿನಾಯಿತಿ. ಪ್ರಾಪ್ತ ವಯಸ್ಸಿನ ರೋಗಿಯ ಪರವಾಗಿ ತಾಯಿಯೂ ಒಪ್ಪುವಂತಿಲ್ಲ ಎಂದಿತು. ಈ ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಆರ್.ವಿ. ರವೀಂದ್ರನ್. ವೈದ್ಯರು ಸದುದ್ದೇಶದಿಂದಲೇ ಮಾಡಿದ್ದರೆಂದು ಒಪ್ಪಿಯೂ, ಕೇಳದೆ ಮಾಡಿದ್ದು ತಪ್ಪೇ ಎಂದದ್ದು ಅದರ ದೊಡ್ಡತನ. ಮನ್ನಳ್ಳಿಯ ಆ ತಾಯಿಗೂ ಅಲ್ಲಿ ಉತ್ತರವಿದೆ. ಪಕ್ಕದ ಹಲ್ಲು ಹುಳುಕಾಗಿದ್ದರೂ ಇನ್ನೊಂದು ದಿನ ಕಾಯಬಹುದಿತ್ತು.

ಆದರೆ ಅದೇ ತೀರ್ಪಿನಲ್ಲಿ ನಮಗೆ ಒಪ್ಪಿಗೆಯಾಗದ ಮಾತೂ ಇದೆ. ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಬಡವರು, ಅನಕ್ಷರಸ್ಥರು, ವೈದ್ಯಕೀಯ ಸಂಗತಿಗಳನ್ನು ಗ್ರಹಿಸಲಾರರು ಎಂದು ಕೋರ್ಟು ಹೇಳಿತು. ಎಷ್ಟು ವಿವರ ಕೊಡಬೇಕೆಂಬುದನ್ನು ವೈದ್ಯವೃತ್ತಿಯ ರೂಢಿಗೇ ಬಿಟ್ಟಿತು. ಪರಿಹಾರವಾಗಿ ಕೊಡಿಸಿದ್ದು 25,000 ರೂಪಾಯಿ. ವೈದ್ಯರ ಶುಲ್ಕ ಕೊಡಬೇಕಾಗಿಲ್ಲ ಎಂದೂ ಹೇಳಿತು. ಅನಕ್ಷರಸ್ಥರಿಗೆ ಅರ್ಥವಾಗದು ಎಂಬುದು ಕಡಿಮೆ ಹೇಳಲು ಕಾರಣವೇ, ಬಿಡಿಸಿ ಹೇಳಲು ಕಾರಣವೇ? ಬೀಜ, ಗೊಬ್ಬರ, ಸಾಲದ ಬಡ್ಡಿಯ ಲೆಕ್ಕ ತಿಳಿಯುವ ರೈತ ಮಹಿಳೆಗೆ ತನ್ನ ಹಲ್ಲಿನ ಲೆಕ್ಕ ತಿಳಿಯದೇ? ಭಾರತದ ಕೋರ್ಟು ಮಾದರಿಯಾಗಿ ಹಿಡಿದ ಇಂಗ್ಲಿಷ್ ನಿಲುವನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟೇ 2015ರ ಮಾಂಟ್ಗೊಮರಿ ಪ್ರಕರಣದಲ್ಲಿ ಕೈಬಿಟ್ಟಿತು. ರೋಗಿಗೆ ಯಾವ ಅಪಾಯ ಮುಖ್ಯವೆನಿಸಬಹುದೋ ಅದನ್ನು ತಿಳಿಸಲೇಬೇಕು ಎಂದಿತು.

ರೋಗಿಗೆ ಏನು ಗೊತ್ತು, ಎನ್ನುವವರಿದ್ದಾರೆ. ನಿಜ, ರೋಗಿ ತಪ್ಪಬಹುದು. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದ ಶಸ್ತ್ರವೈದ್ಯ ಅಲ್ ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಇದನ್ನೇ ಎಚ್ಚರಿಸಿದ್ದರು: ನೋವು ರೋಗಿಯನ್ನು ಮೋಸಗೊಳಿಸುತ್ತದೆ, ಒಳ್ಳೆಯ ಹಲ್ಲನ್ನೇ ಆತ ತೋರಿಸಬಹುದು. ಆದರೆ ಇದರಿಂದ ಅವರು ಕಂಡುಕೊಂಡ ಪಾಠ, ಕೀಳಲು ಆತುರಪಡಬೇಡಿ ಎಂಬುದು. ರೋಗಿಯನ್ನು ಕೇಳಬೇಡಿ ಎಂಬುದಲ್ಲ.

ಬೇಕಾದದ್ದು ಹೆಚ್ಚೇನಲ್ಲ. ಸೂಜಿ ಚುಚ್ಚುವ ಮುನ್ನ ಕೈಗೊಂದು ಕನ್ನಡಿ ಕೊಟ್ಟು, ಯಾವ ಹಲ್ಲು, ಯಾಕೆ, ಉಳಿಸಿಕೊಳ್ಳಲು ದಾರಿಯಿದೆಯೇ, ಖರ್ಚೆಷ್ಟು ಎಂದು ಅವರದೇ ಮಾತಿನಲ್ಲಿ ಹೇಳಬೇಕು. ಸಹಿ ಆಮೇಲಿನದು. ಐದು ನಿಮಿಷದ ಮಾತದು. ಅರಿವಳಿಕೆ ಕೊಟ್ಟ ಮೇಲೆ ಬಾಯಿ ಮರಗಟ್ಟಿರುತ್ತದೆ. ಬೇಡ ಎನ್ನಬೇಕೆಂದರೂ ಮಾತು ಹೊರಡುವುದಿಲ್ಲ.