ಓದದ ಪುಸ್ತಕಕ್ಕೆ ಹತ್ತಕ್ಕೆ ಹತ್ತು

ಕಳೆದ ವಿಷುವಿಗೆ ದುಬೈಯಿಂದ ಊರಿಗೆ ಬಂದಿದ್ದ ಅಕ್ಕನ ಮಗ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಚಪ್ಪಟೆ ಪೆಟ್ಟಿಗೆಯನ್ನು ನನ್ನ ಕೈಗಿತ್ತ. ಒಳಗೆ ಒಂದು ಅಮೆರಿಕನ್ ಕಾಮಿಕ್ ಪುಸ್ತಕ, 1991ರ ‘ಎಕ್ಸ್-ಮೆನ್’ ಪತ್ರಿಕೆಯ ಮೊದಲ ಸಂಚಿಕೆ. ಮೇಲ್ಗಡೆ ನೀಲಿ ಪಟ್ಟಿ, ಅದರಲ್ಲಿ 9.8 ಎಂಬ ಅಂಕ. ಪುಸ್ತಕ ಕೈಗೆ ಬಂದರೆ ತೆರೆದು ನೋಡುವುದು ನಮ್ಮ ಅಭ್ಯಾಸ ತಾನೆ? ನಾನು ಅಂಚಿಗೆ ಉಗುರು ಹಾಕಿದೆ. “ಮಾವಾ, ಬೇಡ ಬೇಡ! ತೆರೆದರೆ ಅದರ ಕ್ರಯ ಹೋಯಿತು” ಎಂದು ಹುಡುಗ ಹೌಹಾರಿದ.

ಆ ಪುಸ್ತಕದ ಬೆಲೆ ಅಷ್ಟೇನೂ ದೊಡ್ಡದಲ್ಲ. ಅವನ ಕಣ್ಣಿರುವುದು ಇನ್ನೊಂದರ ಮೇಲೆ: 1974ರ ನವೆಂಬರ್ ತಿಂಗಳಿನ ‘ದಿ ಇನ್‌ಕ್ರೆಡಿಬಲ್ ಹಲ್ಕ್’, 181ನೆಯ ಸಂಚಿಕೆ. ಮುದ್ರಿತ ಬೆಲೆ 25 ಸೆಂಟು. ಇಂದು ನಡುತರದ ಪ್ರತಿಗೂ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ರೂಪಾಯಿ. ಅದಕ್ಕಾಗಿ ಅಕ್ಕನ ಹೆಸರಿನಲ್ಲಿ ಇರಿಸಿದ ನಿರಖು ಠೇವಣಿಯನ್ನು ಅವಧಿಗೆ ಮೊದಲೇ ಮುರಿಯಬಹುದೇ ಎಂದು ಕೇಳಲು ಬಂದದ್ದು ಅವನು. ಮನೆಯ ಮಾಡು ಬದಲಿಸಲೆಂದು ತೆಗೆದಿಟ್ಟ ಹಣ ಅದು. “ಬ್ಯಾಂಕಿನ ಬಡ್ಡಿಗಿಂತ ಇದು ಲಾಭ ಉಂಟು ಮಾವ, ಲೆಕ್ಕ ನೋಡಿ” ಎಂದ. ಲೆಕ್ಕ ನೋಡುತ್ತ ಹೋದ ನನಗೆ ಬಡ್ಡಿಗಿಂತ ಬೇರೆ ಕೆಲವು ಸಂಗತಿಗಳೇ ಕಾಡಿದವು. ಸಾಹಿತ್ಯದ ವಾರ್ಷಿಕದಲ್ಲಿ ಇದಕ್ಕೇನು ಜಾಗ ಎಂದು ಕೇಳುವವರಿದ್ದಾರು. ಒಂದು ಪುಸ್ತಕಕ್ಕೆ ಬೆಲೆ ಕಟ್ಟುವ ಕೆಲಸವನ್ನೇ ಅಲ್ಲವೆ ನಾವು ವಿಮರ್ಶೆ ಎನ್ನುವುದು?

ಅಮೆರಿಕದಲ್ಲಿ ಹಳೆಯ ಕಾಮಿಕ್ಕುಗಳಿಗೆ ಬೆಲೆಪಟ್ಟಿಯೊಂದು ನೆಲೆಗೊಂಡದ್ದು 1970ರಲ್ಲಿ, ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ಹೊರತಂದ ಮಾರ್ಗದರ್ಶಿಯ ಮೂಲಕ. ಪ್ರತಿಯ ಸ್ಥಿತಿಯನ್ನು ಮಾತುಗಳಲ್ಲಿ ಹೇಳುವ ಕ್ರಮ ಆಗ: ಪೂರ್, ಫೇರ್, ಗುಡ್, ಫೈನ್, ಮಿಂಟ್. 2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಹುಟ್ಟಿ ಈ ಕೆಲಸವನ್ನು ಶುಲ್ಕ ತೆಗೆದುಕೊಂಡು ಮಾಡತೊಡಗಿತು. ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವನು ನೋಡಿ 0.5ರಿಂದ 10ರ ವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುವ ಏರ್ಪಾಡು. ಇದರಲ್ಲಿ ‘ಗುಡ್’ ಅಂದರೆ ಎಷ್ಟು ಗೊತ್ತೆ? ಹತ್ತರಲ್ಲಿ ಎರಡು. ನಮ್ಮ ವಾರ್ಷಿಕ ಗೋಪ್ಯ ವರದಿಯಲ್ಲಿ ಮ್ಯಾನೇಜರರು ‘ಗುಡ್’ ಎಂದು ಬರೆದಾಗಲೂ ಇಷ್ಟೇ ಅರ್ಥವಿತ್ತೋ ಏನೋ.

ಅಂಕ ಕೊಡುವವರು ನೋಡುವುದು ಬೆನ್ನಿನ ಮಡಿಕೆಯಲ್ಲಿ ಬಿದ್ದ ಸಣ್ಣ ಗೆರೆಗಳನ್ನು, ಮೂಲೆಗಳ ಮೊನಚನ್ನು, ಎರಡು ಸ್ಟೇಪಲ್ ಪಿನ್ನುಗಳಿಗೆ ತುಕ್ಕು ಹಿಡಿದಿದೆಯೇ ಎಂಬುದನ್ನು, ಪುಟಗಳು ಬಿಳಿಯಾಗಿ ಉಳಿದಿವೆಯೇ ಕೆನೆಬಣ್ಣಕ್ಕೆ ತಿರುಗಿವೆಯೇ ಎಂಬುದನ್ನು. ಒಳಗಿನ ಕತೆ ಹೇಗಿದೆ ಎಂಬುದು ಅಂಕಪಟ್ಟಿಗೆ ಬರುವುದೇ ಇಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಅಡವಿಗೆ ಬಂದ ಕರಿಮಣಿ ಸರವನ್ನು ಒರೆಗೆ ಹಚ್ಚುವಾಗ ನಾವೂ ಅದರ ಹಿಂದಿನ ಕತೆ ಕೇಳುವುದಿಲ್ಲ. ಆದರೆ ನೋಟಿನ ವಿಷಯದಲ್ಲಿ ನಮ್ಮ ನಿಯಮ ಇದಕ್ಕಿಂತ ಉದಾರವಾದುದು. ಹರಿದ ಐನೂರರ ನೋಟಿನ ದೊಡ್ಡ ತುಂಡು ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚಿದ್ದರೆ ಪೂರ್ತಿ ಹಣ ಕೊಡುತ್ತೇವೆ, ನಲವತ್ತರಿಂದ ಎಂಬತ್ತರೊಳಗಿದ್ದರೆ ಅರ್ಧ. ಮೀನು ಮಾರುಕಟ್ಟೆಯ ನೀರು ಕುಡಿದು ಬಂದ ನೋಟಿಗೂ ಹೊಸ ನೋಟಿಗೂ ಬೆಲೆ ಒಂದೇ. ಕಾಮಿಕ್ಕಿನ ಲೋಕದಲ್ಲಿ ಮಡಿಕೆಯೊಂದು ಬಿದ್ದರೆ ಸಾವಿರಾರು ಡಾಲರ್ ಕರಗಿತು.

ಹಲ್ಕ್‌ನ ಆ ಸಂಚಿಕೆಯನ್ನೇ ತೆಗೆದುಕೊಳ್ಳಿ. ಬರೆದವರು ಲೆನ್ ವೀನ್, ಚಿತ್ರ ಹರ್ಬ್ ಟ್ರಿಂಪ್. ಆ ದಿನಗಳಲ್ಲಿ ಮಾರ್ವೆಲ್ ಕಂಪೆನಿ ತನ್ನ ಪತ್ರಿಕೆಗಳ ಒಳಪುಟದಲ್ಲಿ ಒಂದು ಪುಟ್ಟ ಸ್ಟಾಂಪು ಮುದ್ರಿಸುತ್ತಿತ್ತು. ‘ಕತ್ತರಿಸಿ, ಆಲ್ಬಮಿಗೆ ಅಂಟಿಸಿ, ನೂರನ್ನೂ ಕೂಡಿಸಿ’ ಎಂದು ಮಕ್ಕಳಿಗೆ ಆಹ್ವಾನ. ಹೇಳಿದ ಮಾತು ಕೇಳುವ ಮಕ್ಕಳು ಕತ್ತರಿ ಹಿಡಿದರು. ಇಂದು ಆ ಸ್ಟಾಂಪು ಇಲ್ಲದ 181ನೆಯ ಸಂಚಿಕೆ ಅಂಗವಿಕಲ ಪ್ರತಿ. ಹೊರಗಿನಿಂದ ಎಷ್ಟೇ ಹೊಳೆಯುತ್ತಿದ್ದರೂ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ಹೀಗಾಗಿ ಈ ಸಂಚಿಕೆ ಕೊಳ್ಳುವವರು ಮೊದಲು ನೋಡುವುದು ವೂಲ್ವರೀನನ ಮುಖವನ್ನಲ್ಲ, ಓದುಗರ ಪತ್ರಗಳ ಪುಟದಲ್ಲಿ ಆ ಚೌಕ ಉಳಿದಿದೆಯೇ ಎಂಬುದನ್ನು. ಪ್ರಕಾಶಕನ ಮಾತು ನಂಬಿದ ಮಗುವಿಗೆ ದಂಡ, ಮಾತು ಕೇಳದ ಸೋಮಾರಿಗೆ ಬಹುಮಾನ. ಅಲ್ಲಿ ಆ ಮಕ್ಕಳೇನು ತಪ್ಪು ಮಾಡಿದ್ದರು? ಅವರಿಗಾಗಿಯೇ ಮಾಡಿದ ಪತ್ರಿಕೆ ತಾನೆ ಅದು?

ಇನ್ನು ಆ ಕತೆ. ಕೆನಡಾದ ಕಾಡಿನಲ್ಲಿ ಹಲ್ಕ್ ಮತ್ತು ವೆಂಡಿಗೋ ಎಂಬ ರಾಕ್ಷಸ ಹೊಡೆದಾಡುತ್ತಿದ್ದಾಗ ಅಲ್ಲಿನ ಸರಕಾರ ಕಳಿಸಿದ ಹಳದಿ ಉಡುಪಿನ ಗಿಡ್ಡ ಆಳು ನಡುವೆ ಬೀಳುತ್ತಾನೆ. ಹುಡುಗ ತನ್ನ ಫೋನಿನಲ್ಲಿ ತೋರಿಸಿದ್ದನ್ನು ನಾನು ಪೂರ್ತಿ ಓದಿದೆ. ಚುರುಕಾಗಿ ಓಡುವ ಹೊಡೆದಾಟದ ಸಂಚಿಕೆ, ಅಷ್ಟೆ. ವೂಲ್ವರೀನನಿಗೆ ಮನಸ್ಸು, ಭೂತಕಾಲ, ನಾಚಿಕೆ, ಸಿಟ್ಟು ಎಲ್ಲವನ್ನೂ ಕೊಟ್ಟವರು ಆಮೇಲೆ ವರ್ಷಗಟ್ಟಲೆ ಬರೆದ ಕ್ರಿಸ್ ಕ್ಲೇರ್‌ಮಾಂಟ್. ಅವರೂ ಜಾನ್ ಬರ್ನ್ ಅವರೂ ಸೇರಿ 1980ರ ಸುಮಾರಿಗೆ ಮಾಡಿದ ‘ಎಕ್ಸ್-ಮೆನ್’ ಸಂಚಿಕೆಗಳು, 1982ರಲ್ಲಿ ಫ್ರಾಂಕ್ ಮಿಲ್ಲರ್ ಚಿತ್ರಿಸಿದ ನಾಲ್ಕು ಕಂತಿನ ‘ವೂಲ್ವರೀನ್’, ಇವು ಓದಿಗೆ ಎಷ್ಟೋ ಮೇಲು. ಬೆಲೆಯಲ್ಲಿ ಮಾತ್ರ 181ರ ಹತ್ತಿರವೂ ಸುಳಿಯವು. ಯಾಕೆಂದರೆ ಮಾರುಕಟ್ಟೆಗೆ ಬೇಕಾದದ್ದು ‘ಮೊದಲ ದರ್ಶನ’. ನಾಯಕ ಮೊದಲು ಕಾಲಿಟ್ಟ ಪುಟಕ್ಕೆ ಕ್ರಯ, ಅವನು ಮನುಷ್ಯನಾದ ಪುಟಕ್ಕೆ ಇಲ್ಲ. ಯಕ್ಷಗಾನದಲ್ಲಿ ಪ್ರವೇಶದ ತೆರೆಕುಣಿತಕ್ಕೆ ಹಣ ಕೊಟ್ಟು, ಅರ್ಥಗಾರಿಕೆ ಶುರುವಾಗುವ ಹೊತ್ತಿಗೆ ಎದ್ದುಹೋದ ಹಾಗಾಯಿತು.

ಸಂಗ್ರಹಕಾರರ ಪರವಾಗಿಯೂ ಹೇಳಬೇಕಾದದ್ದಿದೆ, ಇಲ್ಲವಾದರೆ ಅನ್ಯಾಯವಾದೀತು. ಸೂಪರ್‌ಮ್ಯಾನ್ ಮೊದಲು ಬಂದ 1938ರ ‘ಆ್ಯಕ್ಷನ್ ಕಾಮಿಕ್ಸ್’ ಸುಮಾರು ಎರಡು ಲಕ್ಷ ಪ್ರತಿ ಅಚ್ಚಾಯಿತೆನ್ನುತ್ತಾರೆ. ಇಂದು ಉಳಿದಿರುವುದು ನೂರರ ಆಸುಪಾಸು ಎಂದು ಅಂದಾಜು. ಮಿಕ್ಕವು ಮಕ್ಕಳ ಕೈಯಲ್ಲಿ ಚಿಂದಿಯಾದವು, ಯುದ್ಧಕಾಲದಲ್ಲಿ ರದ್ದಿ ಕಾಗದದ ಸಂಗ್ರಹಕ್ಕೆ ಹೋದವು. ಅಗ್ಗದ ನ್ಯೂಸ್‌ಪ್ರಿಂಟು ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಪುಡಿಯಾಗುವಂಥದ್ದು. ಕೊಲೊರಾಡೊದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರರು ಸಾವಿರಾರು ಕಾಮಿಕ್ಕುಗಳನ್ನು ಮನೆಯಲ್ಲಿ ಅಟ್ಟಿ ಕಟ್ಟಿ ಇಟ್ಟಿದ್ದರು. ಒಣ ಹವೆಯ ಊರು. 1977ರಲ್ಲಿ ವ್ಯಾಪಾರಿಯೊಬ್ಬರು ಅವನ್ನು ಕೊಂಡಾಗ ಎಷ್ಟೋ ಪ್ರತಿಗಳು ಅಂಗಡಿಯಿಂದ ಆಗಷ್ಟೇ ತಂದಂತಿದ್ದವು. ಚರ್ಚ್ ಅಂಥವರು ಇಲ್ಲದಿದ್ದರೆ ಆ ಕಾಲದ ಬಣ್ಣ ನಿಜವಾಗಿ ಹೇಗಿತ್ತೆಂದು ಇಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ, ಗೆದ್ದಲಿಗೆ ರಜೆಯೇ ಇಲ್ಲದ ನಮ್ಮ ಕಾಸರಗೋಡಿನವರಿಗೆ ಈ ಮಾತಿನ ತೂಕ ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಕಾಪಾಡುವುದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕಾಪಾಡುವುದೇ ಪುಸ್ತಕದ ಗುಣವೆಂದು ಎಣಿಸುವುದರ ಬಗ್ಗೆ. ಆ ಎಣಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ‘ಪ್ರೆಸ್ಸಿಂಗ್’ ಎಂಬ ಕೆಲಸದಲ್ಲಿ ಕಾಣಬಹುದು. ಬಣ್ಣ ಒಡೆಯದ ಸಣ್ಣ ಮಡಿಕೆಯನ್ನು ಶಾಖ, ಒತ್ತಡ ಕೊಟ್ಟು ಚಪ್ಪಟೆ ಮಾಡಿದರೆ ಅದು ದುರಸ್ತಿಯಲ್ಲ, ಅಂಕ ಏರುತ್ತದೆ. ಅರುವತ್ತು ವರ್ಷದ ಹಿಂದೆ ಯಾವನೋ ಹುಡುಗ ಬಿಳಿಯಾದ ಅಂಚಿಗೆ ಪ್ರೀತಿಯಿಂದ ಒಂದಿಷ್ಟು ಬಣ್ಣ ಹಚ್ಚಿದ್ದರೆ ಅದು ದುರಸ್ತಿ, ಪಟ್ಟಿ ನೇರಳೆಗೆ ತಿರುಗುತ್ತದೆ, ಬೆಲೆ ಬೀಳುತ್ತದೆ. ಎರಡೂ ಮುಖ ತೊಳೆದು ತೋರಿಸುವ ಕೆಲಸವೇ. ಒಂದನ್ನು ಒಪ್ಪಿ ಇನ್ನೊಂದನ್ನು ಶಿಕ್ಷಿಸುವುದಕ್ಕೆ ಕಣ್ಣಿಗೆ ಕಾಣುತ್ತದೆಯೇ ಇಲ್ಲವೇ ಎಂಬುದಕ್ಕಿಂತ ದೊಡ್ಡ ಕಾರಣ ನನಗೆ ತೋಚಲಿಲ್ಲ. ಬರೆದವರ ರುಜುವಿಗೂ ಇದೇ ಗತಿ. ಸಂಸ್ಥೆಯ ಸಾಕ್ಷಿಯೆದುರು ಹಾಕಿದ ರುಜುವಿಗೆ ಹಳದಿ ಪಟ್ಟಿಯ ಮರ್ಯಾದೆ, ಸಾಕ್ಷಿಯಿಲ್ಲದಿದ್ದರೆ ಅದೇ ಕೈಯ ರುಜುವೂ ಬಹುಕಾಲ ಹೊದಿಕೆಯ ಮೇಲಿನ ಗೀಚು ಎನಿಸಿಕೊಂಡಿತ್ತು.

ಸೋದರಳಿಯನ ‘ಎಕ್ಸ್-ಮೆನ್’ ಸಂಚಿಕೆಯ ಚರಿತ್ರೆಯನ್ನು ಅವನಿಗೆ ಹೇಳಿದವರಿಲ್ಲ. ಐದು ಬಗೆಯ ಹೊದಿಕೆಯಲ್ಲಿ ಬಂದು ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋದ ಸಂಚಿಕೆ ಅದು. ಮರುವರ್ಷ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಕಪ್ಪು ಚೀಲದಲ್ಲಿ ಮುಚ್ಚಿ ಮಾರಿದರು. ಓದಲು ಒಂದು, ಚೀಲ ಬಿಚ್ಚದೆ ಇಡಲು ಒಂದು ಎಂದು ಜನ ಎರಡೆರಡು ಕೊಂಡರು. ಎಲ್ಲರೂ ಎತ್ತಿಟ್ಟದ್ದು ಅಪರೂಪವಾಗುವುದು ಹೇಗೆ? ಮಾರುಕಟ್ಟೆ ಕುಸಿಯಿತು, ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. 2023ರ ಕೊನೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಮುಚ್ಚಿದ ಪೆಟ್ಟಿಗೆಯೊಳಗಿನ ಪ್ರತಿಯನ್ನು ಯಾರೋ ಬದಲಿಸಿ, ಹೆಚ್ಚು ಅಂಕದ ಪಟ್ಟಿಯಡಿಯಲ್ಲಿ ಕಡಿಮೆ ಪ್ರತಿಯನ್ನು ಕೂರಿಸಿದ್ದರು. ಅಂಕ ಕೊಟ್ಟ ಸಂಸ್ಥೆಯೇ ಇದನ್ನು ಪ್ರಕಟಿಸಬೇಕಾಯಿತು. ಚಿನ್ನದ ಪಾಲಿಶಿನ ತಾಮ್ರದ ಬಳೆಗಳನ್ನು ಕಂಡ ಬ್ಯಾಂಕಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಮನೆಯಲ್ಲೂ ಒಬ್ಬ ಅತಿಮಾನುಷ ವೀರನಿದ್ದ. ಈ ವಾರ್ಷಿಕವನ್ನು ಮಲಯಾಳದ ಕಡೆಯಿಂದ ತೆರೆಯುವವರಿಗೆ ಡಿಂಕನ್, ಕನ್ನಡದ ಕಡೆಯಿಂದ ತೆರೆಯುವವರಿಗೆ ಡಿಂಗ. 1983ರಲ್ಲಿ ‘ಬಾಲಮಂಗಳಂ’ನಲ್ಲಿ ಹುಟ್ಟಿದ ಆ ಇಲಿ ‘ಬಾಲಮಂಗಳ’ದಲ್ಲಿ ಕನ್ನಡ ಮಾತಾಡಿತು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿದ್ದಾಗ ನೆರೆಮನೆಯ ಗೆಳೆಯನ ಪ್ರತಿಯನ್ನೂ ನನ್ನದನ್ನೂ ಅದಲು ಬದಲು ಮಾಡಿ ಓದಿ ಮಲಯಾಳ ಅಕ್ಷರ ಕಲಿತದ್ದು. ಮಲಯಾಳದ ಪತ್ರಿಕೆ 2012ರಲ್ಲಿ ನಿಂತಿತು. ಅಕ್ಕ ಹೊಲಿದು ಕಟ್ಟಿದ ನನ್ನ ಹಳೆಯ ಸಂಚಿಕೆಗಳಲ್ಲಿ ಹನ್ನೊಂದು ಉಳಿದಿವೆ. ಎರಡಕ್ಕೆ ಹೊದಿಕೆಯಿಲ್ಲ. ಒಂದರಲ್ಲಿ ಗಂಜಿಯ ಕಲೆ, ಇನ್ನೊಂದರ ಅಂಚಿನಲ್ಲಿ ಗೆಳೆಯ ಪೆನ್ಸಿಲಿನಲ್ಲಿ ಬರೆದ ಮಲಯಾಳ ವರ್ಣಮಾಲೆ, ಅದರ ಕೆಳಗೆ ನನ್ನ ಸೊಟ್ಟ ಕನ್ನಡ. ಅಮೆರಿಕದ ಆ ಮೇಜಿನ ಮೇಲಿಟ್ಟರೆ 0.5 ಸಿಕ್ಕರೆ ಪುಣ್ಯ. ಈ ಜಿಲ್ಲೆಯ ಕನ್ನಡ ಮನೆಗಳಲ್ಲಿ ಗೋವಿಂದ ಪೈಗಳ ‘ಗಿಳಿವಿಂಡು’ವಿನ 1930ರ ಮುದ್ರಣ ಎಲ್ಲಾದರೂ ಉಳಿದಿದ್ದರೆ, ಅದರ ಅಂಚಿನಲ್ಲಿ ಹಿಂದಿನ ತಲೆಮಾರಿನ ಮಾಸ್ತರರೊಬ್ಬರು ಬರೆದ ಟಿಪ್ಪಣಿಯಿದ್ದರೆ, ಆ ಟಿಪ್ಪಣಿಯನ್ನು ದೋಷವೆಂದು ನಾವು ಬರೆದುಕೊಳ್ಳುತ್ತೇವೆಯೆ? ಇಲ್ಲಿ ಕನ್ನಡ ಓದಿದವರು ಇದ್ದರೆನ್ನುವುದಕ್ಕೆ ಅದೇ ಅಲ್ಲವೆ ದಾಖಲೆ?

‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ, ಅಂಕ 8.5, 2024ರ ಏಪ್ರಿಲಿನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಅವನ ಹಕ್ಕುಗಳನ್ನೆಲ್ಲ ಮಾರಿದ್ದು 130 ಡಾಲರಿಗೆ. ವಯಸ್ಸಾದ ಮೇಲೆ ಬಡತನದಲ್ಲಿದ್ದ ಅವರಿಗೆ 1975ರಲ್ಲಿ ಗಲಾಟೆಯೆದ್ದ ಮೇಲೆ ಕಂಪೆನಿ ವರ್ಷಾಶನ ಕೊಟ್ಟಿತು. ಆ 130 ಡಾಲರ್ ಸೇರಿದ್ದ 412 ಡಾಲರಿನ ಹಳೆಯ ಚೆಕ್ಕು 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ನಗದಾಗಿ ಮುಗಿದ ಚೆಕ್ಕು, ನಮ್ಮ ಲೆಕ್ಕದಲ್ಲಿ ಹಳೆಯ ವೋಚರುಗಳ ಕಟ್ಟಿಗೆ ಸೇರುವ ಕಾಗದ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕುಳಿತ ನನಗೆ ಈ ಒಂದು ಸುದ್ದಿಯನ್ನು ಮಾತ್ರ ಇನ್ನೂ ಜೀರ್ಣಿಸಿಕೊಳ್ಳಲಾಗಿಲ್ಲ.

ಹುಡುಗನಿಗೆ ನಾನು ಹೇಳಿದ್ದಿಷ್ಟು: ಕೊಳ್ಳುವ ಆಸೆಯಿದ್ದರೆ ಸ್ಟಾಂಪು ಕತ್ತರಿಸಿದ, ಪೆಟ್ಟಿಗೆಯಿಲ್ಲದ ಪ್ರತಿಯೊಂದನ್ನು ನಿನ್ನ ಸಂಬಳದ ಉಳಿತಾಯದಲ್ಲಿ ಕೊಳ್ಳು, ತೆರೆದು ಓದು, ನನಗೂ ಕೊಡು. ಠೇವಣಿ ಮುರಿದರೆ ಬಡ್ಡಿಯಲ್ಲಿ ದಂಡ ಕಡಿಯುತ್ತಾರೆ, ಅದರ ಮೇಲೆ ಮಾಡಿನ ಪಕ್ಕಾಸು ಇನ್ನೊಂದು ಮಳೆಗಾಲ ತಾಳುವುದು ಸಂಶಯ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. “ಸ್ಟಾಂಪಿಲ್ಲದ್ದನ್ನು ಮತ್ತೆ ಯಾರು ಕೊಳ್ಳುತ್ತಾರೆ ಮಾವ?” ಎಂದ. ಠೇವಣಿಯ ಅವಧಿ ಬರುವ ಮಾರ್ಚಿಗೆ ತೀರುತ್ತದೆ. ಅಲ್ಲಿಯ ವರೆಗೆ ಅದನ್ನು ಮುಟ್ಟುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟು ಹೋಗಿದ್ದಾನೆ.